ಬಾಡಿಗೆ ನೆರವಿನ ನಿಯಮ ತಿದ್ದುವವರು

ಮಗನ ಮನೆಗೋ ಮಗಳ ಬಾಣಂತನಕ್ಕೋ ಅಮೆರಿಕಕ್ಕೆ ಹೋಗಿಬಂದವರು ‘ಸೆಕ್ಷನ್ 8’ ಎಂಬ ಮಾತನ್ನು ಕೇಳಿರಬಹುದು. ಬಡ ಕುಟುಂಬಗಳ ಮನೆ ಬಾಡಿಗೆಗೆ ಸರ್ಕಾರ ಕೈ ಹಚ್ಚುವ ಯೋಜನೆಯ ಆಡುಹೆಸರು ಅದು. 1937ರ ವಸತಿ ಕಾಯ್ದೆಗೆ 1974ರಲ್ಲಿ ತಿದ್ದುಪಡಿಯಾದಾಗ ಬಂದ ಎಂಟನೆಯ ಕಲಮು ಇದರ ಮೂಲ. ನಮ್ಮಲ್ಲಿ ಬಡವರ ವಸತಿ ಎಂದೊಡನೆ ಸೈಟು, ಹಕ್ಕುಪತ್ರ, ಆಶ್ರಯ ಮನೆ ನೆನಪಾಗುತ್ತವೆ. ಈ ಯೋಜನೆಯ ರೀತಿಯೇ ಬೇರೆ. ಕುಟುಂಬದ ಕೈಗೆ ಒಂದು ವೋಚರ್ ಬರುತ್ತದೆ. ಮನೆಯನ್ನು ಅವರೇ ಹುಡುಕಿಕೊಳ್ಳಬೇಕು. ಮಾಲೀಕ ಒಪ್ಪಿ, ಮನೆ ತಪಾಸಣೆಯಲ್ಲಿ ಪಾಸಾದರೆ ಕುಟುಂಬ ತನ್ನ ಆದಾಯದ ಸುಮಾರು ಶೇ. 30ರಷ್ಟನ್ನು ಬಾಡಿಗೆಗೆ ಕಟ್ಟುತ್ತದೆ. ಉಳಿದದ್ದು ತಿಂಗಳು ತಿಂಗಳು ನೇರ ಮಾಲೀಕನಿಗೆ ಹೋಗುತ್ತದೆ. ಸುಮಾರು 23 ಲಕ್ಷ ಕುಟುಂಬಗಳು ಈ ಆಸರೆಯಲ್ಲಿವೆ.

ಹಣ ಬರುವುದು ವಾಷಿಂಗ್ಟನ್ ಡಿ.ಸಿ.ಯ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯಿಂದ. ಅದನ್ನು ಎಲ್ಲರೂ ‘ಹಡ್’ ಎನ್ನುತ್ತಾರೆ. ಆದರೆ ಯಾರಿಗೆ ಮೊದಲು, ಎಷ್ಟು, ಎಷ್ಟು ದಿನದೊಳಗೆ ಎಂಬುದನ್ನು ನೋಡಿಕೊಳ್ಳುವುದು ನಗರ, ಕೌಂಟಿ ಮಟ್ಟದ ಎರಡು ಸಾವಿರಕ್ಕೂ ಹೆಚ್ಚು ಸ್ಥಳೀಯ ವಸತಿ ಪ್ರಾಧಿಕಾರಗಳು. ಪ್ರತಿಯೊಂದು ಪ್ರಾಧಿಕಾರವೂ ತನ್ನ ನಿಯಮಗಳನ್ನು ಬರೆದು, ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಪುಸ್ತಕವಾಗಿ ಇಟ್ಟಿರಬೇಕೆಂಬುದು ಕಡ್ಡಾಯ. ಅದರ ಹೆಸರು ಅಡ್ಮಿನಿಸ್ಟ್ರೇಟಿವ್ ಪ್ಲಾನ್. ಕಚೇರಿಯ ಬಾಯಲ್ಲಿ ‘ಅಡ್ಮಿನ್ ಪ್ಲಾನ್’. ನೂರಾರು ಪುಟಗಳ ಈ ಪುಸ್ತಕವನ್ನು ರಾತ್ರಿ ಓದಲು ಕೈಗೆತ್ತಿಕೊಂಡವರಿಗೆ ನಿದ್ದೆ ಗ್ಯಾರಂಟಿ. ನನಗಂತೂ ಇದನ್ನು ಕಾಲಕಾಲಕ್ಕೆ ತಿದ್ದುವವರ ಮೇಲೆ ದೊಡ್ಡ ಗೌರವ. ಅವರ ಹೆಸರು ಮುಖಪುಟದಲ್ಲಿ ಇರುವುದಿಲ್ಲ. ಆದರೆ ಅವರು ಬದಲಿಸಿದ ಒಂದು ಅಂಕಿಯಿಂದ ಒಂದು ಕುಟುಂಬಕ್ಕೆ ಮನೆ ಸಿಗುತ್ತದೆ, ಇಲ್ಲವೇ ಕೈತಪ್ಪುತ್ತದೆ.

ಇದು ಉತ್ಪ್ರೇಕ್ಷೆಯಲ್ಲ, ಲೆಕ್ಕ. ಉದಾಹರಣೆಗೆ ಒಂದು ಕುಟುಂಬ. ವಿನಾಯಿತಿಗಳನ್ನೆಲ್ಲ ಕಳೆದ ಮೇಲೆ ಅದರ ತಿಂಗಳ ಆದಾಯ 1,500 ಡಾಲರ್ ಎನ್ನೋಣ. ಅದರ ಶೇ. 30 ಎಂದರೆ 450 ಡಾಲರ್. ಆ ಅಳತೆಯ ಮನೆಗೆ ಪ್ರಾಧಿಕಾರ ಗೊತ್ತುಪಡಿಸಿದ ಗರಿಷ್ಠ ಲೆಕ್ಕ 2,000 ಡಾಲರ್. ಇದೇ ಪೇಮೆಂಟ್ ಸ್ಟ್ಯಾಂಡರ್ಡ್. ನೀರು, ಕರೆಂಟು ಸೇರಿ ಮನೆಯ ಬಾಡಿಗೆ 2,000 ಆದರೆ ಪ್ರಾಧಿಕಾರ 1,550 ಕೊಡುತ್ತದೆ. 2,200ರ ಮನೆ ಇಷ್ಟವಾಯಿತು ಅನ್ನಿ. ಮೇಲಿನ 200 ಕುಟುಂಬದ್ದೇ. ಅವರ ಪಾಲು 650 ಆಯಿತು. ಹೊಸದಾಗಿ ಮನೆ ಹಿಡಿಯುವಾಗ, ಬಾಡಿಗೆ ಈ ಗರಿಷ್ಠವನ್ನು ಮೀರಿದರೆ, ಕುಟುಂಬದ ಪಾಲು ಆದಾಯದ ಶೇ. 40 ದಾಟಕೂಡದು ಎನ್ನುತ್ತದೆ ಕೇಂದ್ರದ ನಿಯಮ. 1,500ಕ್ಕೆ ಶೇ. 40 ಎಂದರೆ 600. ಐವತ್ತು ಡಾಲರ್ ಹೆಚ್ಚಾಯಿತು, ಮನೆ ಸಿಗಲಿಲ್ಲ. ಪ್ರಾಧಿಕಾರ ಗರಿಷ್ಠವನ್ನು 2,100ಕ್ಕೆ ಏರಿಸಿದರೆ ಅದೇ ಕುಟುಂಬದ ಪಾಲು 550ಕ್ಕೆ ಇಳಿಯುತ್ತದೆ, ಅದೇ ಮನೆಗೆ ಬೀಗದ ಕೈ ಸಿಗುತ್ತದೆ. ಕುಟುಂಬ ಅದೇ, ಮಾಲೀಕ ಅದೇ. ಬದಲಾದದ್ದು ಒಂದು ಪಟ್ಟಿಯೊಳಗಿನ ಒಂದು ಅಂಕಿ.

ಆ ಅಂಕಿಯನ್ನು ಮನಸ್ಸಿಗೆ ಬಂದಂತೆ ಇಡುವಂತಿಲ್ಲ. ಹಡ್ ಪ್ರತಿ ವರ್ಷ ಒಂದೊಂದು ಪ್ರದೇಶಕ್ಕೂ ‘ಫೇರ್ ಮಾರ್ಕೆಟ್ ರೆಂಟ್’ ಪ್ರಕಟಿಸುತ್ತದೆ. ಅದು ಅಕ್ಟೋಬರ್ 1ರಿಂದ ಜಾರಿ. ಊರಿನ ಸಾಧಾರಣ ಮನೆಗಳ ಬಾಡಿಗೆಯನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದರೆ ನೂರರಲ್ಲಿ ನಲವತ್ತನೆಯ ಜಾಗದಲ್ಲಿ ನಿಲ್ಲುವ ಮೊತ್ತ ಅದು. ಅದರ ಶೇ. 90ರಿಂದ 110ರ ನಡುವೆ ಸ್ಥಳೀಯ ಪ್ರಾಧಿಕಾರ ತನ್ನ ಗರಿಷ್ಠವನ್ನು ಇಟ್ಟುಕೊಳ್ಳಬಹುದು. ಹೊಸ ಪ್ರಕಟಣೆಯಿಂದ ಹಳೆಯ ಅಂಕಿ ಈ ಎಲ್ಲೆಯ ಹೊರಗೆ ಬಿದ್ದರೆ ಮೂರು ತಿಂಗಳೊಳಗೆ ತಿದ್ದಬೇಕು. ಹಾಗಾಗಿ ಅಕ್ಟೋಬರ್‌ನಿಂದ ಡಿಸೆಂಬರ್ ಈ ಕಚೇರಿಗಳಿಗೆ ಸುಗ್ಗಿಯ ಕಾಲ.

ಇಲ್ಲೊಂದು ತೊಡಕಿದೆ. ಇಡೀ ಮಹಾನಗರಕ್ಕೆ ಒಂದೇ ಅಂಕಿ ಇಟ್ಟರೆ ಅಗ್ಗದ ಬಡಾವಣೆಗಳಲ್ಲಿ ಅದು ಹೆಚ್ಚಾಗುತ್ತದೆ, ಒಳ್ಳೆಯ ಶಾಲೆಗಳಿರುವ ಬಡಾವಣೆಗಳಲ್ಲಿ ಸಾಲುವುದೇ ಇಲ್ಲ. ಪರಿಣಾಮವಾಗಿ ವೋಚರ್ ಕುಟುಂಬಗಳೆಲ್ಲ ಒಂದೇ ಕಡೆ ಗುಂಪುಗೂಡುತ್ತವೆ. ಇದಕ್ಕೆ ಪಿನ್‌ಕೋಡ್ ಪ್ರಕಾರ ಬೇರೆ ಬೇರೆ ಅಂಕಿ ಇಡುವ ದಾರಿ ಬಂತು. 2016ರ ನಿಯಮದಲ್ಲಿ ಹಡ್ 24 ಮಹಾನಗರ ಪ್ರದೇಶಗಳಿಗೆ ಇದನ್ನು ಗೊತ್ತುಮಾಡಿತು. ಅದೇ ವರ್ಷ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ ವಸತಿ ಪ್ರಾಧಿಕಾರ ತಾನಾಗಿಯೇ ಪಿನ್‌ಕೋಡುಗಳನ್ನು ಐದು ಅಂತಸ್ತುಗಳಾಗಿ ವಿಂಗಡಿಸಿ ಅಂತಸ್ತಿಗೊಂದು ಗರಿಷ್ಠ ಇಟ್ಟಿತು. ಬೆಲ್‌ವ್ಯೂ, ರೆಡ್ಮಂಡ್ ಇರುವ ಕೌಂಟಿ ಇದೇ. ಮೈಕ್ರೋಸಾಫ್ಟ್ ಮನೆತನದ ಕನ್ನಡಿಗರಿಗೆ ಅಲ್ಲಿನ ಬಾಡಿಗೆಯ ಏರುಗತಿಯನ್ನು ನಾನು ವಿವರಿಸಬೇಕಿಲ್ಲ.

ಅಂಕಿ ಏರಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೇ? ಇದನ್ನು ಪರೀಕ್ಷಿಸಲು ಸಿಯಾಟಲ್ ಮತ್ತು ಕಿಂಗ್ ಕೌಂಟಿಯ ಪ್ರಾಧಿಕಾರಗಳು 2018ರಲ್ಲಿ ರಾಜ್ ಚೆಟ್ಟಿ ಮುಂತಾದ ಅರ್ಥಶಾಸ್ತ್ರಜ್ಞರೊಡನೆ ಸೇರಿ ಒಂದು ಪ್ರಯೋಗ ಮಾಡಿದವು. ಚಿಕ್ಕ ಮಕ್ಕಳಿರುವ ವೋಚರ್ ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಗರಿಷ್ಠ ಮೊತ್ತ ಎರಡೂ ಗುಂಪಿಗೆ ಒಂದೇ. ಒಂದು ಗುಂಪಿಗೆ ಮಾತ್ರ ಜೊತೆಗೆ ನಿಂತು ಮನೆ ಹುಡುಕುವವರು, ಮಾಲೀಕರೊಡನೆ ಮಾತಾಡುವವರು, ಅಡ್ವಾನ್ಸಿಗೆ ಒಂದಿಷ್ಟು ಹಣ. ಈ ಗುಂಪಿನಲ್ಲಿ ಶೇ. 53 ಕುಟುಂಬಗಳು ಮಕ್ಕಳ ಭವಿಷ್ಯಕ್ಕೆ ಒಳ್ಳೆಯದೆಂದು ಗುರುತಿಸಿದ ಬಡಾವಣೆಗಳಿಗೆ ಹೋದವು, ಇನ್ನೊಂದರಲ್ಲಿ ಶೇ. 15 ಮಾತ್ರ. ನಿಯಮಪುಸ್ತಕವನ್ನು ಎಷ್ಟೇ ಚೆನ್ನಾಗಿ ತಿದ್ದಿದರೂ ಅದರಾಚೆ ಮನುಷ್ಯನ ನೆರವು ಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ನಾನು ನೋಡಿಲ್ಲ. ನಿಯಮ ಬರೆಯುವವರು ಇದನ್ನು ತಮ್ಮ ಸೋಲೆಂದು ನೋಡದೆ, ಆ ನೆರವನ್ನೇ ಪುಸ್ತಕದೊಳಗೆ ಹೇಗೆ ತರುವುದೆಂದು ಯೋಚಿಸುವುದು ಚೆಂದ.

ಎಲ್ಲ ಕಡೆ ಗರಿಷ್ಠವನ್ನು ಎತ್ತಿಬಿಟ್ಟರೆ ಏನಾಗುತ್ತದೆ? ಒಂದು ಪ್ರಾಧಿಕಾರದಲ್ಲಿ 5,000 ಕುಟುಂಬಗಳಿವೆ ಎನ್ನಿ. ತಲಾ 50 ಡಾಲರ್ ಹೆಚ್ಚಾದರೆ ತಿಂಗಳಿಗೆ ಎರಡೂವರೆ ಲಕ್ಷ ಡಾಲರ್. ಒಂದು ಕುಟುಂಬಕ್ಕೆ ಸರಾಸರಿ 1,000 ಡಾಲರ್ ಹೋಗುತ್ತಿದ್ದರೆ ಅದು 250 ಕುಟುಂಬಗಳ ಪಾಲು. ಹಡ್ ಕೊಡುವ ಹಣ ಅಳೆದು ಕೊಟ್ಟ ಅಕ್ಕಿಯಂತೆ. ಮೊದಲ ಪಂಕ್ತಿಗೆ ಕೈತುಂಬ ಬಡಿಸಿದರೆ ಮೂರನೆಯ ಪಂಕ್ತಿಗೆ ಉಳಿಯುವುದೇ ಇಲ್ಲ. ತೀರ ಬಿಗಿ ಹಿಡಿದರೂ ನಷ್ಟ, ಏಕೆಂದರೆ ಆ ಮೊತ್ತಕ್ಕೆ ಮನೆಯೇ ಸಿಗದೆ ವೋಚರ್ ಅವಧಿ ಮುಗಿದು ವಾಪಸು ಬರುತ್ತದೆ. ಹಾಗಾಗಿ ಅಂಕಿ ತಿದ್ದುವವರ ಮೇಜಿನ ಮೇಲೆ ಎರಡು ಕಾಗದ ಒಟ್ಟಿಗೆ ಇರಬೇಕು: ವೋಚರ್ ಪಡೆದವರಲ್ಲಿ ಎಷ್ಟು ಜನರಿಗೆ ನಿಜಕ್ಕೂ ಮನೆ ಸಿಕ್ಕಿತು ಎಂಬ ಲೆಕ್ಕ, ಮತ್ತು ಬಜೆಟ್.

ಕಾಯುವ ಪಟ್ಟಿಯ ಅಧ್ಯಾಯ ಇನ್ನೂ ಸೂಕ್ಷ್ಮ. ಅರ್ಹ ಕುಟುಂಬಗಳಲ್ಲಿ ನಾಲ್ಕಕ್ಕೆ ಒಂದಕ್ಕೆ ಮಾತ್ರ ಕೇಂದ್ರದ ಬಾಡಿಗೆ ನೆರವು ಸಿಗುತ್ತದೆ. ಸರದಿಯನ್ನು ಹೇಗೆ ನಿಲ್ಲಿಸುವುದು? ಮೊದಲು ಬಂದವರಿಗೆ ಮೊದಲು ಎಂದರೆ ನ್ಯಾಯವಾಗಿ ಕೇಳಿಸುತ್ತದೆ. ಆದರೆ 2010ರ ಆಗಸ್ಟ್‌ನಲ್ಲಿ ಅಟ್ಲಾಂಟಾ ಪಕ್ಕದ ಈಸ್ಟ್ ಪಾಯಿಂಟ್‌ನಲ್ಲಿ ಬರೀ ಅರ್ಜಿ ನಮೂನೆ ಪಡೆಯಲು ಸುಮಾರು 30,000 ಜನ ಬಿಸಿಲಲ್ಲಿ ನೆರೆದು, ನೂಕುನುಗ್ಗಲಾಗಿ, ಹಲವರು ಆಸ್ಪತ್ರೆ ಸೇರಿದರು. ದುಡಿಮೆಗೆ ರಜೆ ಹಾಕಲಾಗದವರು, ಕೈಗೂಸು ಇರುವವರು, ಗಾಲಿಕುರ್ಚಿಯವರು ಅಂಥ ಸಾಲಿನಲ್ಲಿ ಹಿಂದೆಯೇ ಉಳಿಯುತ್ತಾರೆ. ಕೆಲವು ದಿನ ಆನ್‌ಲೈನ್‌ನಲ್ಲಿ ಅರ್ಜಿ ತೆರೆದು, ಆಮೇಲೆ ಲಾಟರಿ ಎತ್ತುವುದು ಈಗಿನ ದೊಡ್ಡ ಊರುಗಳ ರೂಢಿ. ನ್ಯೂಯಾರ್ಕ್ ನಗರದ ಪ್ರಾಧಿಕಾರ 2009ರಲ್ಲಿ ಮುಚ್ಚಿದ್ದ ಪಟ್ಟಿಯನ್ನು 2024ರ ಜೂನ್‌ನಲ್ಲಿ ಒಂದು ವಾರ ತೆರೆದು, ಬಂದ ಅರ್ಜಿಗಳಿಂದ ಎರಡು ಲಕ್ಷವನ್ನು ಲಾಟರಿಯಲ್ಲಿ ಆರಿಸಿತು. ಲಾಟರಿಯ ಮೇಲೆ ಸ್ಥಳೀಯ ಆದ್ಯತೆಗಳು ಬೇರೆ: ಮನೆಯಿಲ್ಲದೆ ಬೀದಿಯಲ್ಲಿರುವವರು, ಮನೆಯ ಹಿಂಸೆಯಿಂದ ಓಡಿಬಂದವರು, ದುಡಿಯುವ ಕುಟುಂಬ, ಊರಿನ ನಿವಾಸಿ. ಊರಿನವರಿಗೇ ಮೊದಲು ಎಂಬ ಸಾಲು ಮೇಲ್ನೋಟಕ್ಕೆ ಸಹಜ. ಊರಿನ ಬಹುಪಾಲು ಒಂದೇ ಜನಾಂಗದ್ದಾಗಿದ್ದರೆ ಅದೇ ಸಾಲು ಬೇರೆಯವರನ್ನು ಹೊರಗಿಡುವ ಬೇಲಿಯಾಗಿ, ವಸತಿ ಸಮಾನತೆಯ ಕಾನೂನಿಗೆ ಸಿಕ್ಕಿಬೀಳುತ್ತದೆ. ಒಳ್ಳೆಯ ಕರಡುಗಾರ ಇದನ್ನು ಬರೆಯುವ ಮೊದಲೇ ನೋಡಿರುತ್ತಾನೆ.

ಕೇಂದ್ರ ಕಾನೂನು ಕೆಲವನ್ನು ಕಟ್ಟುನಿಟ್ಟಾಗಿ ಹೇಳುತ್ತದೆ, ಕೆಲವನ್ನು ಸ್ಥಳೀಯರ ವಿವೇಚನೆಗೆ ಬಿಡುತ್ತದೆ. ಕುಶಲತೆ ಇರುವುದು ಈ ಎರಡನೆಯದರಲ್ಲಿ. 2016ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ ಸುಧಾರಣಾ ಕಾಯ್ದೆಯನ್ನೇ ನೋಡಿ. ಅದರ ಕಿರುಹೆಸರು ‘ಹಾಟ್ಮಾ’. ಒಂದು ಲಕ್ಷ ಡಾಲರ್ ಮೀರಿದ ಆಸ್ತಿ ಇರುವವರಿಗೆ ಹೊಸದಾಗಿ ನೆರವು ಕೊಡುವಂತಿಲ್ಲ ಎಂದು ಅದು ಹೇಳಿತು. ಬೆಲೆಯೇರಿಕೆಗೆ ತಕ್ಕಂತೆ ಆ ಮಿತಿಯೂ ಏರುತ್ತದೆ. ಆದರೆ ಈಗಾಗಲೇ ನೆರವಿನಲ್ಲಿರುವವರ ಆಸ್ತಿ ಹೆಚ್ಚಾದರೆ? ಹೊರಹಾಕಬಹುದು, ಸರಿಪಡಿಸಿಕೊಳ್ಳಲು ಅವಕಾಶ ಕೊಡಬಹುದು, ಸುಮ್ಮನೆ ಬಿಡಲೂಬಹುದು. ಯಾವುದೆಂದು ಸ್ಥಳೀಯರೇ ಬರೆಯಬೇಕು. ವರ್ಷದ ನಡುವೆ ಆದಾಯ ಶೇ. 10 ಕುಸಿದರೆ ಕುಟುಂಬದ ಪಾಲನ್ನು ಇಳಿಸಲೇಬೇಕು. ಅದಕ್ಕಿಂತ ಕಡಿಮೆ ಕುಸಿತಕ್ಕೂ ಇಳಿಸುತ್ತೇವೆ ಎಂದು ಬರೆದುಕೊಳ್ಳುವ ಸ್ವಾತಂತ್ರ್ಯ ಪ್ರಾಧಿಕಾರಕ್ಕಿದೆ. ಗಂಟೆ ಲೆಕ್ಕದಲ್ಲಿ ದುಡಿಯುವ ತಾಯಿಯೊಬ್ಬಳಿಗೆ ತಿಂಗಳಿಗೊಂದು ಪಾಳಿ ತಪ್ಪಿದರೆ ಆಗುವ ನಷ್ಟ ಎಷ್ಟೋ ಸಲ ಶೇ. 10ರ ಒಳಗೇ ನಿಲ್ಲುತ್ತದೆ. ಇದು ಗೊತ್ತಿದ್ದವರು ಆ ಸಾಲನ್ನು ಬೇರೆಯಾಗಿ ಬರೆಯುತ್ತಾರೆ.

ಈ ಕಾಯ್ದೆಗೆ ನಿಯಮಾವಳಿ ಹೊರಬರಲು 2023 ಆಯಿತು. ಹಡ್‌ನ ಕಂಪ್ಯೂಟರ್ ವ್ಯವಸ್ಥೆ ಸಿದ್ಧವಾಗದೆ ಜಾರಿಯ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಹೊಸ ನಿಯಮ ಬರೆದಿಟ್ಟಿರಬೇಕು, ನಡೆಸುವುದು ಮಾತ್ರ ಹಳೆಯ ನಿಯಮದಂತೆ! ಹಲವು ಕಚೇರಿಗಳು ಹಳತು ಹೊಸತು ಎರಡೂ ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಎಂದಿನಿಂದ ಯಾವುದು ಎಂದು ಒಂದು ಟಿಪ್ಪಣಿ ಅಂಟಿಸಿ ದಿನ ನೂಕಿದವು.

ಇನ್ನು ಬರವಣಿಗೆಯ ಮಾತು. ‘ಆದಾಯ ಬದಲಾದರೆ ಸಕಾಲದಲ್ಲಿ ತಿಳಿಸತಕ್ಕದ್ದು’ ಎಂದು ಬರೆದರೆ ಅದು ನಿಯಮವಲ್ಲ, ಜಗಳಕ್ಕೆ ಬೀಜ. ‘ಬದಲಾದ ದಿನದಿಂದ 10 ಕೆಲಸದ ದಿನಗಳೊಳಗೆ, ಬರವಣಿಗೆಯಲ್ಲಿ’ ಎಂದರೆ ಕೌಂಟರಿನ ಗುಮಾಸ್ತನಿಗೂ ಕುಟುಂಬಕ್ಕೂ ಒಂದೇ ಅರ್ಥ. ನೋಟಿಸಿನ ದಿನ ಎಣಿಸುವುದು ಅಂಚೆಗೆ ಹಾಕಿದಾಗಿನಿಂದಲೋ ಕೈಸೇರಿದಾಗಿನಿಂದಲೋ? ಮನೆ ಹುಡುಕಲು ಕನಿಷ್ಠ 60 ದಿನ ಕೊಡಬೇಕು, ಸರಿ. ಅವಧಿ ವಿಸ್ತರಿಸಲು ಯಾವ ಕಾರಣ ಸಾಕು? ಇದನ್ನೆಲ್ಲ ಬರೆಯದೆ ಬಿಟ್ಟರೆ ಅಧಿಕಾರಿಯ ಮರ್ಜಿಯೇ ಕಾನೂನಾಗುತ್ತದೆ. ನೆರವು ನಿಲ್ಲಿಸುವ ಮುನ್ನ ಕುಟುಂಬಕ್ಕೆ ವಿಚಾರಣೆ ಕೇಳುವ ಹಕ್ಕಿದೆ. ಆ ವಿಚಾರಣೆಯಲ್ಲಿ ಮೊದಲು ತೆರೆಯುವುದು ಈ ಪುಸ್ತಕವನ್ನೇ.

ಹಳೆಯ ಅಪರಾಧ ದಾಖಲೆಯ ವಿಷಯದಲ್ಲಿ ಪುಸ್ತಕದಲ್ಲಿ ಬರೆದದ್ದರ ತೂಕ ಚೆನ್ನಾಗಿ ಕಾಣುತ್ತದೆ. ಜೀವನಪರ್ಯಂತ ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿರುವವರಿಗೆ, ಸರ್ಕಾರಿ ನೆರವಿನ ಮನೆಯಲ್ಲಿ ಮೆಥಾಂಫೆಟಮಿನ್ ತಯಾರಿಸಿ ಶಿಕ್ಷೆಯಾದವರಿಗೆ ಕೇಂದ್ರ ಕಾನೂನೇ ಬಾಗಿಲು ಮುಚ್ಚಿದೆ. ಉಳಿದ ಬಹುತೇಕ ಪ್ರಕರಣಗಳಲ್ಲಿ ಎಷ್ಟು ವರ್ಷ ಹಿಂದೆ ನೋಡಬೇಕು, ಬದಲಾದದ್ದಕ್ಕೆ ಯಾವ ಸಾಕ್ಷಿ ಒಪ್ಪಬೇಕು ಎಂಬುದು ಸ್ಥಳೀಯ ತೀರ್ಮಾನ. ಬಂಧನವೊಂದೇ ಅಪರಾಧಕ್ಕೆ ಪುರಾವೆಯಲ್ಲ ಎಂದು ಹಡ್ 2015ರಲ್ಲಿ ತಿಳಿಹೇಳಿತು. ಸಲಹಾ ಸಂಸ್ಥೆಗಳು ಮಾರುವ ಸಿದ್ಧ ಮಾದರಿಯನ್ನು ತಂದು ಊರಿನ ಹೆಸರು ತುಂಬಿಸುವ ಪ್ರಾಧಿಕಾರಗಳೂ ಉಂಟು. ಸಣ್ಣ ಕಚೇರಿಗಳಿಗೆ ಅದು ಅನಿವಾರ್ಯವಿರಬಹುದು; ಆದರೂ ಈ ಅಧ್ಯಾಯವನ್ನು ಎರವಲು ತರಬಾರದು.

ಕರಡು ಸಿದ್ಧವಾಗುವ ಬಗೆಯೂ ನೋಡುವಂಥದ್ದು. ಹೊಸ ಸಾಲು ಕೆಂಪಿನಲ್ಲಿ, ತೆಗೆದ ಸಾಲಿನ ಮೇಲೆ ಗೀಟು. ಕೌಂಟರಿನಲ್ಲಿ ಕೂತವರು, ತಪಾಸಣೆಗೆ ಹೋಗುವವರು, ವಕೀಲರು ಓದುತ್ತಾರೆ. 1998ರ ಕಾನೂನಿನ ಪ್ರಕಾರ ನೆರವು ಪಡೆಯುತ್ತಿರುವವರದ್ದೇ ಒಂದು ಸಲಹಾ ಮಂಡಳಿ ಇದೆ. ಪ್ರಾಧಿಕಾರದ ವಾರ್ಷಿಕ ಯೋಜನೆಗೆ, ಅಥವಾ ಅದರ ಮಹತ್ವದ ತಿದ್ದುಪಡಿಗೆ, 45 ದಿನ ಮುಂಚೆ ಪ್ರಕಟಣೆ ಕೊಟ್ಟು ಬಹಿರಂಗ ಸಭೆ ನಡೆಸಬೇಕು. ಆಡಳಿತ ಮಂಡಳಿಯಲ್ಲಿ ಸಾಮಾನ್ಯವಾಗಿ ನೆರವು ಪಡೆಯುವ ಒಬ್ಬರಾದರೂ ಸದಸ್ಯರಾಗಿರಬೇಕು. ನಿರ್ಣಯವಾದ ಮೇಲೆ ಪತ್ರದ ನಮೂನೆ, ಸಾಫ್ಟ್‌ವೇರ್, ಸಿಬ್ಬಂದಿ ತರಬೇತಿ ಎಲ್ಲವೂ ಬದಲಾಗಬೇಕು. ಇಷ್ಟಾಗದ ತಿದ್ದುಪಡಿ ಕಾಗದದಲ್ಲೇ ಉಳಿಯುತ್ತದೆ.

ಎಷ್ಟೇ ಕುಶಲತೆ ಇದ್ದರೂ ಹಣ ಬತ್ತಿದಾಗ ಅದರ ಮಿತಿ ಕಾಣುತ್ತದೆ. ಕೊರೊನಾ ಕಾಲದಲ್ಲಿ, 2021ರಲ್ಲಿ, ಮನೆಯಿಲ್ಲದವರಿಗೆಂದು 70,000 ತುರ್ತು ವೋಚರ್‌ಗಳಿಗೆ 500 ಕೋಟಿ ಡಾಲರ್ ಕೊಟ್ಟಿದ್ದರು. ಬಾಡಿಗೆ ಏರಿ, 2030ರವರೆಗೆ ಬರಬಹುದೆಂದಿದ್ದ ಹಣ ಅಷ್ಟು ದಿನ ಬಾಳುವುದಿಲ್ಲವೆಂದು 2025ರಲ್ಲಿ ಹಡ್ ತಿಳಿಸಿತು. ಆಗ ಹಲವು ಪ್ರಾಧಿಕಾರಗಳು ಮಾಡಿದ್ದು ತಮಗೆ ಗೊತ್ತಿದ್ದ ಕೆಲಸವನ್ನೇ: ಪುಸ್ತಕ ತೆರೆದು, ಈ ಕುಟುಂಬಗಳಿಗೆ ಸಾಮಾನ್ಯ ವೋಚರ್ ಪಟ್ಟಿಯಲ್ಲಿ ಆದ್ಯತೆ ಎಂಬ ಒಂದು ಸಾಲು ಸೇರಿಸಿದವು.

ಬೆಲ್‌ವ್ಯೂ, ರೆಡ್ಮಂಡ್ ಕಡೆ ಮನೆ ಕೊಂಡು ಬಾಡಿಗೆಗೆ ಬಿಟ್ಟಿರುವ ಕನ್ನಡಿಗರಿಗೆ ಒಂದು ಮಾತು. ವೋಚರ್ ಹಿಡಿದು ಬಂದವರನ್ನು ಆ ಒಂದೇ ಕಾರಣಕ್ಕೆ ಬೇಡ ಎನ್ನುವುದು ವಾಷಿಂಗ್ಟನ್ ರಾಜ್ಯದಲ್ಲಿ 2018ರಿಂದ ಕಾನೂನಿಗೆ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲೂ 2020ರಿಂದ ಹಾಗೆಯೇ. ನಿಮ್ಮ ಕೌಂಟಿಯ ಅಡ್ಮಿನ್ ಪ್ಲಾನ್ ಯಾರು ಬೇಕಾದರೂ ಓದಬಹುದಾದ ದಾಖಲೆ. ತಪಾಸಣೆ ಮತ್ತು ಬಾಡಿಗೆ ಏರಿಕೆಯ ಅಧ್ಯಾಯಗಳನ್ನಾದರೂ ಓದಿ. ಮುಂದಿನ ತಿದ್ದುಪಡಿಯ ಕರಡು ಹೊರಬಿದ್ದಾಗ ನಿಮ್ಮ ಅಭಿಪ್ರಾಯ ಬರೆದು ಕಳುಹಿಸಿ.