ಸೆರೆಮನೆಯಲ್ಲಿ ರಚಿತವಾದ ದೇಶಚರಿತ್ರೆ

ಉನ್ನತ ವಿದ್ಯಾಪೀಠದ ಮೆಟ್ಟಿಲೇರದವನಿಗೆ ದೇಶದ ಚರಿತ್ರೆಯನ್ನು ಬರೆಯುವ ಅಧಿಕಾರವುಂಟೆ? ಈ ಪ್ರಶ್ನೆಗೆ ಸ್ವಿಟ್ಜರ್ಲೆಂಡಿನ ರಾಬರ್ಟ್ ಗ್ರಿಮ್ ಅವರ ಜೀವನವೇ ಉತ್ತರವಾಗಿದೆ.

ಗ್ರಿಮ್ ಅವರು 1881ರಲ್ಲಿ ಜೂರಿಚ್ ಪ್ರಾಂತದ ವಾಲ್ಡ್ ಎಂಬ ನೇಯ್ಗೆಯ ಊರಿನಲ್ಲಿ ಜನಿಸಿದರು. ತಂದೆತಾಯಿಗಳು ಕಾರ್ಖಾನೆಯ ಕೆಲಸಗಾರರು. ಬಾಲಕನು ಕಲಿತದ್ದು ಮುದ್ರಣದ ಕಸುಬು; ಆ ಕಾಯಕವೇ ಅವರ ಪಾಠಶಾಲೆ. 1909ರಲ್ಲಿ ಬರ್ನ್ ನಗರದ ಕಾರ್ಮಿಕರ ದಿನಪತ್ರಿಕೆ 'ಬರ್ನರ್ ಟಾಗ್‌ವಾಖ್ಟ್'ಗೆ ಸಂಪಾದಕರಾದರು. 1911ರಲ್ಲಿ ರಾಷ್ಟ್ರೀಯ ಶಾಸನಸಭೆಯನ್ನು ಪ್ರವೇಶಿಸಿದರು.

ಮೊದಲನೆಯ ಮಹಾಯುದ್ಧದಲ್ಲಿ ಯುರೋಪಿನ ಕಾರ್ಮಿಕರು ಪರಸ್ಪರರನ್ನು ಕೊಲ್ಲುತ್ತಿದ್ದಾಗ, 1915ರ ಸೆಪ್ಟೆಂಬರಿನಲ್ಲಿ ಝಿಮ್ಮರ್‌ವಾಲ್ಡ್ ಎಂಬ ಹಳ್ಳಿಯಲ್ಲಿ ಯುದ್ಧವಿರೋಧಿ ಸಮಾಜವಾದಿಗಳ ಸಭೆಯನ್ನು ಕೂಡಿಸಿದವರು ಇವರೇ. ಲೆನಿನ್, ಟ್ರಾಟ್‌ಸ್ಕಿ ಮುಂತಾದವರು ಬಂದಿದ್ದ ಆ ಸಭೆಗೆ ವಸತಿಗೃಹವನ್ನು ಗೊತ್ತುಮಾಡಿದ್ದು ಪಕ್ಷಿಶಾಸ್ತ್ರಜ್ಞರ ಕೂಟವೆಂಬ ನೆಪದಿಂದ! ಗ್ರಿಮ್ ಎಡವಿದ್ದೂ ಉಂಟು. 1917ರಲ್ಲಿ ರಷ್ಯಕ್ಕೆ ಹೋಗಿ ಪ್ರತ್ಯೇಕ ಸಂಧಿಯ ಗುಪ್ತ ಮಾತುಕತೆಯಲ್ಲಿ ಸಿಕ್ಕಿಕೊಂಡು ಅಲ್ಲಿಂದ ಉಚ್ಚಾಟಿತರಾದರು. ಸ್ವದೇಶದ ಮಂತ್ರಿಯೊಬ್ಬರು ಆ ಕಾರಣದಿಂದ ಪದವಿಯನ್ನೇ ಕಳೆದುಕೊಂಡರು.

ಯುದ್ಧಕಾಲದ ಬೆಲೆಯೇರಿಕೆಯಿಂದ ಬಡವರು ಬೆಂದಿದ್ದರು. 1918ರ ನವೆಂಬರ್ 12ರಂದು ಆರಂಭವಾದ ಸಾರ್ವತ್ರಿಕ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಪಾಲ್ಗೊಂಡರು. ಗ್ರಿಮ್ ಅದರ ಮುಂದಾಳು. ವಾರಕ್ಕೆ 48 ಗಂಟೆಗಳ ದುಡಿಮೆ, ವೃದ್ಧರಿಗೆ ವಿಮೆ, ಸ್ತ್ರೀಯರಿಗೆ ಮತಾಧಿಕಾರ ಇವು ಅವರ ಬೇಡಿಕೆಗಳಲ್ಲಿ ಮುಖ್ಯವಾದವು. ಸರಕಾರವು ಸೈನ್ಯವನ್ನು ಕರೆಯಿತು. ಮೂರನೆಯ ದಿನ ಗ್ರೆಂಖೆನ್ ಎಂಬಲ್ಲಿ ಮೂವರು ಗುಂಡಿಗೆ ಬಲಿಯಾದರು. ಅಷ್ಟರಲ್ಲಿ ಮುಖಂಡರು ಮುಷ್ಕರವನ್ನು ಹಿಂತೆಗೆದುಕೊಂಡಿದ್ದರು. ಇದನ್ನು ಹೇಡಿತನವೆಂದು ಜರೆದವರು ಅನೇಕರು. ನಿರಾಯುಧರನ್ನು ಬಂದೂಕಿನ ಬಾಯಿಗೆ ನೂಕದಿರುವುದೂ ನಾಯಕನ ಧರ್ಮವೆಂಬುದನ್ನು ಅಂಥವರು ಮರೆತರು.

ಸೇನಾ ನ್ಯಾಯಾಲಯವು ಗ್ರಿಮ್ ಅವರಿಗೆ ಆರು ತಿಂಗಳ ಸೆರೆಯನ್ನು ವಿಧಿಸಿತು. ಬ್ಲಾಂಕೆನ್‌ಬುರ್ಗ್ ಕೋಟೆಯ ಆ ಏಕಾಂತದಲ್ಲಿ ಅವರು 'ವರ್ಗಸಂಘರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಇತಿಹಾಸ' ಎಂಬರ್ಥದ ಹೆಸರಿನ ಗ್ರಂಥವನ್ನು ರಚಿಸಿದರು. 1920ರಲ್ಲಿ ಅದು ಪ್ರಕಟವಾಯಿತು. ವಿದ್ವಾಂಸರು ಇದನ್ನು ಪಕ್ಷಪಾತದ ಕೃತಿಯೆಂದಾರು. ಆದರೆ ಪ್ರಭುಗಳ ಕೈಕೆಳಗೆ ನಲುಗಿದವರ ಕಡೆಯಿಂದ ತಮ್ಮ ನಾಡನ್ನು ನೋಡುವ ಅವಕಾಶ ಸಾಮಾನ್ಯ ಓದುಗರಿಗೆ ಅದರಿಂದ ದೊರೆಯಿತು.

ಕಾಲಚಕ್ರ ತಿರುಗಿತು. ಬಂದಿಯಾಗಿದ್ದವರು ಬರ್ನ್ ಪ್ರಾಂತದ ಮಂತ್ರಿಯಾದರು. 1946ರಲ್ಲಿ ರಾಷ್ಟ್ರೀಯ ಶಾಸನಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದರು. 48 ಗಂಟೆಗಳ ವಾರ 1919ರಲ್ಲೇ ಬಂದಿತ್ತು. ವೃದ್ಧರ ವಿಮೆ 1948ರಲ್ಲಿ ಜಾರಿಯಾಯಿತು. 1958ರಲ್ಲಿ ಗ್ರಿಮ್ ತೀರಿಕೊಂಡರು. ರಾಷ್ಟ್ರದ ಚುನಾವಣೆಗಳಲ್ಲಿ ಮತಹಾಕುವ ಹಕ್ಕು ಸ್ವಿಸ್ ಸ್ತ್ರೀಯರಿಗೆ ದೊರೆತದ್ದು ಅನಂತರ 13 ವರ್ಷಗಳಿಗೆ, 1971ರಲ್ಲಿ.