ಕುದುರೆಯ ಹೊಟ್ಟೆನೋವಿಗೂ ವರ್ಗಭೇದ ಇದೆ

ಕೆ.ಆರ್.ಎಸ್. ಸುತ್ತಲಿನ ನಮ್ಮ ಸೀಮೆಗೂ ಕುದುರೆಗೂ ಹಳೇ ನಂಟು. ಶ್ರೀರಂಗಪಟ್ಟಣ ಟಿಪ್ಪುವಿನ ರಾಜಧಾನಿ. ನಾಗಮಂಗಲದ ಗಡಿ ದಾಟಿದರೆ ಸಿಗುವ ಕುಣಿಗಲ್ ಫಾರಂ ಅವನ ಸೈನ್ಯಕ್ಕೆ ಕುದುರೆ ಸಾಕಿದ ಜಾಗ, ಆಮೇಲೆ ರೇಸ್ ಕುದುರೆಗಳ ತವರು. ಈ ಕಡೆ ಶ್ರೀರಂಗಪಟ್ಟಣ, ಮೈಸೂರಿನ ಬೀದಿಯಲ್ಲಿರೋದು ಟಾಂಗಾ ಕುದುರೆ. ಎರಡರ ಕರುಳೂ ಒಂದೇ ಥರ. ಹೊಟ್ಟೆ ನೋವು ಬಂದಾಗ ಸಿಗುವ ಪರೀಕ್ಷೆ ಮಾತ್ರ ಬೇರೆ. ನನ್ನ ತಕರಾರು ಅದರ ಬಗ್ಗೆ.

ಕುದುರೆ ವಾಂತಿ ಮಾಡಲಾರದು. ಒಳಗೆ ಒತ್ತಡ ಹೆಚ್ಚಿದರೆ ಜಠರವೇ ಒಡೆಯಬಹುದು. ಸಣ್ಣ ಕರುಳೊಂದೇ 20 ಮೀಟರಿನಷ್ಟು ಉದ್ದ. ಹೊಟ್ಟೆಯುಬ್ಬರವಾಗಲಿ, ಕರುಳು ನುಲಿದಿರಲಿ, ಹೊರಗೆ ಕಾಣೋದು ಒಂದೇ: ಕಾಲು ಕೆರೆಯುತ್ತೆ, ಪಕ್ಕೆ ನೋಡಿಕೊಳ್ಳುತ್ತೆ, ನೆಲಕ್ಕೆ ಬಿದ್ದು ಹೊರಳಾಡುತ್ತೆ. ಉಬ್ಬರಕ್ಕೆ ಔಷಧಿ ಸಾಕಾಗಬಹುದು. ನುಲಿದ ಕರುಳಿಗೆ ಗಂಟೆಗಳೊಳಗೆ ಆಪರೇಷನ್ ಆಗಬೇಕು.

ಸಿ.ಟಿ., ಎಂ.ಆರ್.ಐ. ಇಲ್ವಾ ಅಂತ ಕೇಳಬಹುದು. ಬೆಳೆದ ಕುದುರೆಯ ತಲೆ, ಕಾಲು ಆ ಯಂತ್ರದೊಳಗೆ ಹೋಗುತ್ತೆ, ಹೊಟ್ಟೆ ಹಿಡಿಸಲ್ಲ. ಅಷ್ಟು ದಪ್ಪ ಹೊಟ್ಟೆಯಲ್ಲಿ ಎಕ್ಸ್‌ರೇ ಮರಳು, ಕಲ್ಲು ತೋರಿಸಿದರೆ ಅದೇ ಹೆಚ್ಚು. ಜಠರದ ಹುಣ್ಣು ಹುಡುಕಲು ಮೂಗಿನಿಂದ ಸುಮಾರು 3 ಮೀಟರ್ ಉದ್ದದ ಎಂಡೋಸ್ಕೋಪ್ ಇಳಿಸುತ್ತಾರೆ. ಕರುಳಿಗೆ ಅಲ್ಟ್ರಾಸೌಂಡೇ ಗತಿ. ಉಬ್ಬಿ ಚಲನೆ ನಿಂತ ಸಣ್ಣ ಕರುಳು, ದಪ್ಪಗಾದ ಅದರ ಗೋಡೆ, ಹೊಟ್ಟೆಯೊಳಗೆ ಸೇರಿದ ನೀರು ಅದರಲ್ಲಿ ಕಾಣುತ್ತೆ. ಗಾಳಿ ತುಂಬಿದ ಕರುಳಿನ ಹಿಂದಿರೋದು ಅದಕ್ಕೂ ಕಾಣಲ್ಲ. ಹಾಗಾಗಿ ಹೃದಯ ಬಡಿತ ಎಣಿಸುವ, ಗುದದ್ವಾರದಲ್ಲಿ ಕೈಹಾಕಿ ಕರುಳು ಮುಟ್ಟಿ ನೋಡುವ ವೈದ್ಯರೂ ಬೇಕೇ ಬೇಕು.

ರೇಸ್ ಕುದುರೆ ಸಾಕುವವರಿಗೆ ಈ ಯಂತ್ರ ಹೊಸದಲ್ಲ. ಗಂಡು ಕೊಡಿಸಿದ ಎರಡು ವಾರಕ್ಕೇ ಹೆಣ್ಣುಕುದುರೆಯ ಗರ್ಭ ಸ್ಕ್ಯಾನ್ ಮಾಡಿಸುತ್ತಾರೆ. ಅವಳಿ ಇದ್ದರೆ ಗರ್ಭ ಹೋಗುವ ಸಾಧ್ಯತೆ ಹೆಚ್ಚು, ಹೋದರೆ ಲಕ್ಷಗಟ್ಟಲೆ ನಷ್ಟ. ಅಂದರೆ ಯಂತ್ರ ಬಂದಿದ್ದು ದುಡ್ಡಿನ ಬೆನ್ನು ಹತ್ತಿ. ಟಾಂಗಾದವನಿಗೆ ಕುದುರೆ ಮಲಗಿದ ದಿನ ಒಲೆಯೂ ಉರಿಯಲ್ಲ. ಅವನಿಗೆ ಯಾವ ಸ್ಕ್ಯಾನ್?

ಉತ್ತರ ಕಷ್ಟದ್ದಲ್ಲ. 1962ಕ್ಕೆ ಕರೆ ಮಾಡಿದರೆ ಬರುವ ಪಶು ಆಂಬುಲೆನ್ಸ್‌ನಲ್ಲಿ ಬ್ಯಾಟರಿಯಿಂದ ನಡೆಯುವ ಸ್ಕ್ಯಾನರ್, ಅದನ್ನು ಓದಬಲ್ಲ ವೈದ್ಯರು ಕಡ್ಡಾಯ ಆಗಲಿ. ಪ್ರೋಬ್ ಬದಲಿಸಿದರೆ ಅದೇ ಯಂತ್ರ ಹಸುವಿನ ಗರ್ಭವನ್ನೂ ನೋಡುತ್ತೆ. ಹಾಲನ್ನೇ ನಂಬಿದ ಮಂಡ್ಯಕ್ಕೆ ಇದು ದುಂದುವೆಚ್ಚ ಅಲ್ಲ.

ಅಲ್ಲಿವರೆಗೆ ಒಂದು ಮಾತು: ಕುದುರೆ ಲದ್ದಿ ಹಾಕದೆ ಹೊರಳಾಡಿದರೆ ಬಾಯಿಗೆ ಎಣ್ಣೆ, ಕಷಾಯ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮೇವು ನಿಲ್ಲಿಸಿ, ತಕ್ಷಣ ವೈದ್ಯರಿಗೆ ಫೋನ್ ಮಾಡಿ.