ಹಿಮ್ಮೇಳದ ಪೆಡಲ್, ನುಚ್ಚಿನ ಪೆಡಲ್



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯವರಾದ ನೀವು ಚೌಡಿಕೆ ಪದಗಳನ್ನು ಕೇಳಿಯೇ ಇರುತ್ತೀರಿ. ಮುಂದಿನವರು ಚೌಡಿಕೆ ಮೀಟುತ್ತ ಒಂದು ನುಡಿ ಹೇಳುತ್ತಾರೆ, ಹಿಮ್ಮೇಳದವರು ಅದನ್ನೇ ಎತ್ತಿ ಹಾಡುತ್ತಾರೆ. ಹಿಮ್ಮೇಳವಿಲ್ಲದೆ ಒಬ್ಬರೇ ಕುಳಿತಾಗ? ಗಿಟಾರ್ ವಾದಕರ ಬಳಿ ಇದಕ್ಕೊಂದು ಪೆಟ್ಟಿಗೆಯಿದೆ: ಲೂಪರ್ ಪೆಡಲ್.

ಪೆಡಲನ್ನು ವಾದ್ಯಕ್ಕೂ ಆಂಪ್ಲಿಫೈಯರಿಗೂ ನಡುವೆ ಜೋಡಿಸಿ ನೆಲದ ಮೇಲಿಡುತ್ತಾರೆ. ಕೈಗಳು ವಾದ್ಯದ ಮೇಲಿರುವುದರಿಂದ ಗುಂಡಿ ಒತ್ತುವುದು ಕಾಲಿನಿಂದ. ಒಮ್ಮೆ ಒತ್ತಿದರೆ ಧ್ವನಿಮುದ್ರಣ ಆರಂಭ. ಮತ್ತೆ ಒತ್ತಿದರೆ ಆ ತುಂಡು ಮೊದಲಿನಿಂದ ಸುತ್ತತೊಡಗುತ್ತದೆ. ಅದರ ಮೇಲೆ ಪದರ ಪದರವಾಗಿ ನುಡಿಸುತ್ತ ಹೋಗಬಹುದು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯರ್ ಶೆಫರ್ ಗ್ರಾಮಾಫೋನ್ ತಟ್ಟೆಯ ಗೀರನ್ನೇ ವೃತ್ತವಾಗಿಸಿ ಇಂಥ ಆವರ್ತನೆ ಮಾಡಿದ್ದರು.

ಗ್ರಾನ್ಯುಲರ್ ಪೆಡಲಿನ ದಾರಿ ಬೇರೆ. ಅದು ಧ್ವನಿಯನ್ನು ಒಂದು ಸೆಕೆಂಡಿನ ನೂರನೇ ಒಂದು ಭಾಗದಿಂದ ಹತ್ತನೇ ಒಂದು ಭಾಗದಷ್ಟು ಚಿಕ್ಕ ಚೂರುಗಳಾಗಿ ಒಡೆಯುತ್ತದೆ. ಆ ಚೂರಿಗೆ ಗ್ರೇನ್, ಎಂದರೆ ಕಾಳು, ಎಂದು ಹೆಸರು. ನಮ್ಮ ಜೋಳದ ನುಚ್ಚು ಎಂದರೆ ಇನ್ನೂ ಸರಿ. ಈ ನುಚ್ಚನ್ನು ಹಿಂದುಮುಂದು ಮಾಡಬಹುದು, ಒಂದರ ಮೇಲೊಂದು ಸುರಿಯಬಹುದು, ಶ್ರುತಿ ಏರಿಸಬಹುದು. ಯಾವ ಶಬ್ದವನ್ನಾದರೂ ಇಂಥ ಕಣಗಳಾಗಿ ವಿವರಿಸಬಹುದೆಂದು 1947ರಲ್ಲೇ ಬರೆದವರು ಡೆನಿಸ್ ಗಾಬರ್. ಹೊಲೋಗ್ರಫಿಗಾಗಿ 1971ರ ನೊಬೆಲ್ ಪಡೆದವರೂ ಇವರೇ.

ಟಿಸಿ ಎಲೆಕ್ಟ್ರಾನಿಕ್ ಕಂಪನಿಯ ಡಿಟ್ಟೊ ಲೂಪರಿನಲ್ಲಿ 5 ನಿಮಿಷದ ಲೂಪ್ ಹಿಡಿಯುತ್ತದೆ. ಹೊಲೋಗ್ರಾಮ್ ಕಂಪನಿಯ ಮೈಕ್ರೊಕಾಸ್ಮ್ ನುಚ್ಚಿನ ಪೆಡಲ್. ಅದರಲ್ಲೂ 60 ಸೆಕೆಂಡಿನ ಲೂಪರ್ ಉಂಟು. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೆ 2 ಬೈಟ್ ಎಂದರೆ 5 ನಿಮಿಷಕ್ಕೆ ಸುಮಾರು 26 ಮೆಗಾಬೈಟ್ ಬೇಕು. ಮಾದರಿಗಳನ್ನು ಅರ್ಧ ಮಾಡಿದರೆ ಅಷ್ಟೇ ಜಾಗದಲ್ಲಿ ಇಮ್ಮಡಿ ಹೊತ್ತು ಹಿಡಿಯಬಹುದು, ಆದರೆ ತಾರದ ಹೊಳಪು ಹೋಗಿ ದನಿ ಮಂಕಾಗುತ್ತದೆ. ಕೆಲವು ಪ್ರಾಯೋಗಿಕ ಪೆಡಲುಗಳು ಆ ಮಂಕನ್ನೇ ಬೇಕೆಂದು ಬಳಸಿಕೊಳ್ಳುತ್ತವೆ.

ಕಲಿಯುವವರಿಗೆ ಯಾವುದು? ಮೊದಲು ಲೂಪರ್ ಎನ್ನುತ್ತೇನೆ. ಅರ್ಧ ಮಾತ್ರೆ ತಡವಾಗಿ ಕಾಲಿಟ್ಟರೆ ತಪ್ಪು ಪ್ರತಿ ಸುತ್ತಿನಲ್ಲೂ ಬಂದು ಚುಚ್ಚುತ್ತದೆ. ಇಷ್ಟು ನಿಷ್ಠುರವಾದ ತಾಳದ ಮೇಷ್ಟ್ರು ಸಿಗುವುದು ಕಷ್ಟ. ಆದರೆ ಇದು ಹಿಮ್ಮೇಳವಲ್ಲ. ಮುಂದಿನವರು ಉಸಿರು ತೆಗೆದುಕೊಂಡರೆ ಹಿಮ್ಮೇಳದವರು ಕಾಯುತ್ತಾರೆ, ಪೆಟ್ಟಿಗೆ ಕಾಯುವುದಿಲ್ಲ.

ನುಚ್ಚಿನ ಪೆಡಲಿನಲ್ಲಿ ಮೊದಲು ಹೋಗುವುದು ಮಾತು. ಎಲ್ಲಮ್ಮನ ಕತೆಯ ಪದಕ್ಕೆ ಮಾತೇ ಜೀವವಾದ್ದರಿಂದ ಹಾಡಿಗೆ ಅದನ್ನು ಹಚ್ಚಬೇಡಿ. ಹಿಂದೆ ಮೊರೆಯುವ ಶ್ರುತಿಗೆ ಹಚ್ಚಿದರೆ ಸೊಗಸು. ಜೋಗತಿಯೊಬ್ಬರ ದನಿಯನ್ನು ಮುದ್ರಿಸಿ ಒಡೆಯುವುದಾದರೆ ಏನು ಮಾಡುತ್ತೀರೆಂದು ಅವರಿಗೆ ಮೊದಲೇ ಹೇಳಿ, ಒಪ್ಪಿಗೆ ಕೇಳಿ, ಆದದ್ದನ್ನು ಅವರಿಗೇ ಮೊದಲು ಕೇಳಿಸಿ. ಅದು ಅವರ ಕಸುಬು, ಅವರ ಭಕ್ತಿ.

ಪೆಡಲ್ ದುಬಾರಿ. ಕಾಲೇಜಿನ ಕಂಪ್ಯೂಟರಿನಲ್ಲಿ ಉಚಿತವಾದ ಅಡಾಸಿಟಿ ತಂತ್ರಾಂಶ ಹಾಕಿಕೊಂಡರೆ ಎರಡನ್ನೂ ಪರೀಕ್ಷಿಸಬಹುದು. ಒಂದು ಸೆಕೆಂಡು ‘ಆ’ ಎಂದು ಹಾಡಿ ಮುದ್ರಿಸಿ, 20 ಚೂರು ಮಾಡಿ ಕಲಸಿ ಜೋಡಿಸಿ. ‘ಆ’ ಗುರುತು ಸಿಗುತ್ತದೆ. ಅದೇ ರೀತಿ ‘ಚೌಡಿಕೆ’ ಎಂಬ ಮಾತನ್ನು ಕಲಸಿದರೆ ಸಿಗಲಾರದು. ಚೂರುಗಳ ಅಂಚಿನಲ್ಲಿ ಟಿಕ್ ಟಿಕ್ ಸದ್ದೂ ಕೇಳಬಹುದು. ಅದನ್ನು ಅಡಗಿಸಲೆಂದೇ ಪೆಡಲಿನೊಳಗೆ ಪ್ರತಿ ಕಾಳಿನ ದನಿಯನ್ನು ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸಿರುತ್ತಾರೆ.